ಗೇರ್ ಬಾಕ್ಸ್ ಒಳಗೆ ಇಣುಕಿದವರು ಯಾರು?

1941ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ಕಿತಾಪತಿ ಮಾಡಿತು. ಚೆನ್ನಾಗಿ ಓಡುತ್ತಿದ್ದ ಕಾರಿನಲ್ಲಿ ಇಗ್ನಿಷನ್ ಕಾಯಿಲ್‌ನ ಒಂದೇ ಒಂದು ವೈರ್ ಕಳಚಿ, ಏನೂ ಗೊತ್ತಿಲ್ಲದವರ ಹಾಗೆ ಗ್ಯಾರೇಜಿಗೆ ಹೋಗಿ ‘ಯಾಕೋ ಸರಿ ಓಡ್ತಿಲ್ಲ’ ಅನ್ನೋದು. 48 ರಾಜ್ಯಗಳಲ್ಲಿ 347 ಗ್ಯಾರೇಜುಗಳಿಗೆ ಹೀಗೆ ಹೋಗಿ ಬಂದರು. ಬಾನೆಟ್ ಎತ್ತಿದರೆ ಕಣ್ಣಿಗೆ ರಾಚುವ ದೋಷ ಅದು. 129 ಕಡೆ ವೈರ್ ಸಿಕ್ಕಿಸಿ, ಬಿಟ್ಟಿಯಾಗೋ ಪುಡಿಗಾಸಿಗೋ ಕಳಿಸಿಕೊಟ್ಟರು. ಉಳಿದ 218 ಕಡೆ, ಅಂದ್ರೆ ನೂರಕ್ಕೆ 63ರಷ್ಟು ಕಡೆ, ಇಲ್ಲದ ರೋಗ ಹೇಳಿದರು, ಬೇಡದ ಪಾರ್ಟ್ ಹಾಕಿದರು, ಮಾಡದ ಕೆಲಸಕ್ಕೆ ಬಿಲ್ ಬರೆದರು. ರೋಜರ್ ರೀಸ್ ಮತ್ತು ಜಾನ್ ಪ್ಯಾಟ್ರಿಕ್ ಮರುವರ್ಷ ಇದನ್ನೆಲ್ಲ ಸೇರಿಸಿ ಪುಸ್ತಕವನ್ನೇ ತಂದರು. ರೇಡಿಯೋ, ವಾಚ್ ರಿಪೇರಿಯವರನ್ನೂ ಹೀಗೇ ಪರೀಕ್ಷೆ ಮಾಡಿದ್ದರು ಅನ್ನಿ.

ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾನೂನು ತಂದದ್ದು ಮೂವತ್ತು ವರ್ಷ ಬಿಟ್ಟು, 1971ರಲ್ಲಿ. ಕೆಲಸಕ್ಕೆ ಮೊದಲು ಬರವಣಿಗೆಯಲ್ಲಿ ಎಸ್ಟಿಮೇಟ್ ಕೊಡಬೇಕು, ಗಿರಾಕಿ ಕೇಳಿದರೆ ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೊಡಬೇಕು. ಅದೇ ಕಾನೂನಿನಿಂದ ಹುಟ್ಟಿದ ಇಲಾಖೆ 1992ರಲ್ಲಿ ಸಿಯರ್ಸ್ ಕಂಪನಿಯ ಸರ್ವಿಸ್ ಸೆಂಟರ್‌ಗಳ ಮೇಲೆ ಆರೋಪ ಹೊರಿಸಿತು. ವೇಷ ಮರೆಸಿಕೊಂಡು ಕಾರು ತಂದ ಅಧಿಕಾರಿಗಳಿಗೆ ಬೇಡದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್‌ಗಳನ್ನು ಮಾರಿದ್ದರು. ಕಾರಣ ಬಹಳ ಸರಳ. ಕಾರು ನೋಡಿ ಸಲಹೆ ಕೊಡುವವನಿಗೆ ಕಮಿಷನ್ ಇತ್ತು, ಟಾರ್ಗೆಟ್ ಇತ್ತು. ಟಾರ್ಗೆಟ್ ಅಂದ್ರೇನು ಅಂತ ಐಟಿ ಕಂಪನಿಯಲ್ಲಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತಿಂಗಳ ಕೊನೆ ಬಂದರೆ ಪ್ರಾಮಾಣಿಕನ ಕಣ್ಣಿಗೂ ಸವೆಯದ ಸ್ಪ್ರಿಂಗು ಸವೆದ ಹಾಗೆ ಕಾಣುತ್ತೆ.

ಸ್ಪ್ರಿಂಗನ್ನಾದರೂ ಬಗ್ಗಿ ನೋಡಬಹುದು. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಹಾಗಲ್ಲ, ಅದು ಮುಚ್ಚಿದ ಪೆಟ್ಟಿಗೆ. ಅಲ್ಲಿ ಮೋಸಕ್ಕಿಂತ ಅಜ್ಞಾನವೇ ಹೆಚ್ಚು ಹಾಳು ಮಾಡಿದೆ ಅಂತ ನನಗನಿಸೋದು. ಇದಕ್ಕೆ ಒಳ್ಳೇ ಉದಾಹರಣೆ ಮಿನಿವ್ಯಾನ್‌ಗಳ ಕಥೆ.

ಅಮೆರಿಕದ ಸಂಸಾರಸ್ಥರಿಗೆ ಮಿನಿವ್ಯಾನ್ ಹುಚ್ಚು ಹಿಡಿಸಿದ್ದು ಕ್ರೈಸ್ಲರ್. 1989ರಲ್ಲಿ ಅವರು ಅಲ್ಟ್ರಾಡ್ರೈವ್ ಎಂಬ ನಾಲ್ಕು ಗೇರಿನ ಹೊಸ ಪೆಟ್ಟಿಗೆ ತಂದರು. ಯಾವಾಗ ಯಾವ ಗೇರ್ ಅನ್ನೋದನ್ನು ಕಂಪ್ಯೂಟರ್ ನಿರ್ಧರಿಸುತ್ತಿತ್ತು. ಅದಕ್ಕೆ ಬೇಕಿದ್ದದ್ದು ಕ್ರೈಸ್ಲರ್‌ನದೇ ಎಣ್ಣೆ. ಆದರೆ ಅದು ಸಿಗದಿದ್ದರೆ ಡೆಕ್ಸ್‌ರಾನ್ ಹಾಕಬಹುದು ಅಂತ ಕಂಪನಿಯ ಸೂಚನೆಯಲ್ಲೇ ಇತ್ತು! ಡೆಕ್ಸ್‌ರಾನ್ ಎಲ್ಲ ಗ್ಯಾರೇಜಿನ ಡ್ರಮ್ಮಿನಲ್ಲೂ ಇರುವ ಎಣ್ಣೆ. ಸುರಿದರು. ಗಾಡಿ ನಡುಗೋಕೆ ಶುರುವಾಯ್ತು. ಇನ್ನೊಂದು ತಾಪತ್ರಯ, ಲೆಕ್ಕ ತಪ್ಪಿದೆ ಅನಿಸಿದರೆ ಕಂಪ್ಯೂಟರ್ ಗಾಡಿಯನ್ನು ಎರಡನೇ ಗೇರಿನಲ್ಲೇ ಕಟ್ಟಿಹಾಕುತ್ತಿತ್ತು. ಎಷ್ಟೋ ಸಲ ದೋಷ ಇರುತ್ತಿದ್ದದ್ದು ಒಂದು ಅಗ್ಗದ ಸ್ಪೀಡ್ ಸೆನ್ಸರ್‌ನಲ್ಲಿ. ನೋಡಿದವರು ಮಾತ್ರ ‘ಗೇರ್ ಬಾಕ್ಸ್ ಹೋಯ್ತು’ ಅಂದುಬಿಡೋರು.

ಹೋಂಡಾ ಒಡಿಸ್ಸಿಯದು ಬೇರೆ ಕಥೆ. ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮವರಿಗೆ ಇದನ್ನು ಪರಿಚಯ ಮಾಡಿಸಬೇಕಿಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲರೂ ಹಿಡಿಸುವ ಗಾಡಿ ಬೇಕಲ್ಲ. 2004ರ ಏಪ್ರಿಲ್‌ನಲ್ಲಿ ಹೋಂಡಾ ಅಮೆರಿಕದಲ್ಲಿ ಸುಮಾರು 11 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. 2002ರಿಂದ 2004ರ ಒಡಿಸ್ಸಿಗಳೂ ಅದರಲ್ಲಿದ್ದವು. ಎರಡನೇ ಗೇರಿಗೆ ಎಣ್ಣೆ ಸಾಲದೆ ಅದು ಕಾದು, ಹಲ್ಲು ಮುರಿದು, ಓಡುತ್ತಿರುವಾಗಲೇ ಗೇರ್ ಬಾಕ್ಸ್ ಬಿಗಿದುಕೊಳ್ಳುವ ಅಪಾಯ ಇತ್ತು. ಮಕ್ಕಳನ್ನು ಕೂರಿಸಿಕೊಂಡು ಹೈವೇಯಲ್ಲಿ ಹೋಗ್ತಿರುವಾಗ ಹಾಗಾದರೆ ಹೇಗಿರುತ್ತೆ ನೋಡಿ.

15,000 ಮೈಲಿಗಿಂತ ಕಡಿಮೆ ಓಡಿದ್ದರೆ ಎಣ್ಣೆ ಹೋಗುವ ದಾರಿಯನ್ನು ಸ್ವಲ್ಪ ಮಾರ್ಪಡಿಸಿ ಕೊಡುತ್ತಿದ್ದರು. ಹೆಚ್ಚು ಓಡಿದ್ದರೆ ಗೇರಿನ ಬಣ್ಣ ನೋಡಬೇಕು. ಕಾದು ಬಣ್ಣಗೆಟ್ಟಿದ್ದರೆ ಹೊಸ ಗೇರ್ ಬಾಕ್ಸ್, ಇಲ್ಲದಿದ್ದರೆ ಅದೇ ಮಾರ್ಪಾಟು. ಅಂದ್ರೆ ಸಾವಿರಾರು ಡಾಲರ್‌ನ ಪ್ರಶ್ನೆಗೆ ಉತ್ತರ, ಸರ್ವಿಸ್ ಸೆಂಟರ್‌ನ ಒಬ್ಬ ಟೆಕ್ನಿಷಿಯನ್ ಒಂದು ಗಳಿಗೆ ನೋಡಿದ ಬಣ್ಣ. ಇಲ್ಲಿ ಬಿಲ್ ಕಟ್ಟೋದು ಕಂಪನಿಯೇ, ಹಾಗಾಗಿ ಪಾರ್ಟ್ ಮಾರುವ ಆಸೆ ಇಲ್ಲ ನಿಜ. ಆದರೂ ಆ ಬಣ್ಣ ಹೇಳೋದು ಎರಡನೇ ಗೇರ್ ಕಾದಿತ್ತೋ ಇಲ್ಲವೋ ಅಂತಷ್ಟೇ. ಕ್ಲಚ್ ಪ್ಲೇಟುಗಳು ಎಷ್ಟು ಸವೆದಿವೆ ಅನ್ನೋದು ಅದರಲ್ಲಿ ಕಾಣಲ್ಲ. ‘ಇನ್‌ಸ್ಪೆಕ್ಷನ್ ಪಾಸ್’ ಅಂತ ಬರೆದ ಚೀಟಿ ನೋಡಿ ಹಳೇ ಒಡಿಸ್ಸಿ ಕೊಳ್ಳುವವರು ಇದನ್ನು ತಿಳ್ಕೊಂಡಿರಬೇಕು.

ಎಣ್ಣೆ ಅಳೆಯೋದರಲ್ಲೂ ಎಡವಟ್ಟಿದೆ. ಆ ಕಾಲದ ಕ್ರೈಸ್ಲರ್ ವ್ಯಾನಿನಲ್ಲಿ ಎಂಜಿನ್ ಓಡ್ತಿರುವಾಗ ಅಳತೆ ಕಡ್ಡಿ ತೆಗೆದು ನೋಡಬೇಕು. ಆ ಒಡಿಸ್ಸಿಯಲ್ಲಿ ಬಿಸಿ ಎಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನ ಒಳಗೆ. ಒಂದರ ಪದ್ಧತಿಯಲ್ಲಿ ಇನ್ನೊಂದನ್ನು ಅಳೆದರೆ ಲೆಕ್ಕವೇ ಸುಳ್ಳು. ದಿನಕ್ಕೆ ಹತ್ತು ಬಗೆಯ ಗಾಡಿ ನೋಡುವ ಹುಡುಗನಿಗೆ ಇದು ನೆನಪಿರುತ್ತೆ ಅಂತ ನಂಬೋಕೆ ನಾನಂತೂ ತಯಾರಿಲ್ಲ. ಮ್ಯಾನ್ಯುಯಲ್ ಓದಿ ನಾವೇ ನೋಡಿಕೊಳ್ಳೋದು ವಾಸಿ.

ಎಣ್ಣೆ ಬದಲಿಸೋದೂ ಹಾಗೇ. ಒಡಿಸ್ಸಿಯ ಪೆಟ್ಟಿಗೆಯಲ್ಲಿ 7 ಲೀಟರ್ ಮೇಲೆ ಎಣ್ಣೆ ಇರುತ್ತೆ, ಕೆಳಗಿನ ಬೋಲ್ಟ್ ಬಿಚ್ಚಿದರೆ ಇಳಿಯೋದು ಸುಮಾರು 3 ಲೀಟರ್. ಮಿಕ್ಕಿದ್ದು ಒಳಗೇ ಉಳಿಯುತ್ತೆ. ಹಾಗಾಗಿ ಒಂದು ಸಲ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೆ ಬದಲಿಸಿ, ಹೀಗೆ ಮೂರು ಸಲ ಮಾಡಿದರೆ ಹಳೇ ಎಣ್ಣೆ ಉಳಿಯೋದು ಐದರಲ್ಲೊಂದು ಪಾಲು ಅಷ್ಟೆ. ಪ್ರತಿ ಸಲವೂ ಮೈಲಿ, ತಾರೀಖು, ಎಣ್ಣೆಯ ಹೆಸರು ಬರೆದಿಟ್ಕೊಳ್ಳಿ. ಕೆಲಸ ಸರ್ವಿಸ್ ಸೆಂಟರ್‌ನವರೇ ಮಾಡಿದರೂ, ಆ ಬೋಲ್ಟನ್ನು ಒರೆಸುವ ಮುಂಚೆ ತೋರಿಸಿ ಅಂತ ಕೇಳಿ. ಅದರ ತುದಿಯಲ್ಲಿ ಅಯಸ್ಕಾಂತ ಇರುತ್ತೆ. ಕಾಡಿಗೆಯಷ್ಟು ನುಣ್ಣಗಿನ ಕಪ್ಪು ಮೆತ್ತಿದ್ದರೆ ಅದು ವಯಸ್ಸಾದ ಗಾಡಿಯ ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ, ಸರ್ವಿಸ್ ಚೀಟಿಯಲ್ಲಿ ಎಷ್ಟೇ ಹಸಿರು ಟಿಕ್ ಇದ್ದರೂ ಅವತ್ತೇ ಗಾಡಿಯನ್ನು ಹೈವೇಗೆ ಇಳಿಸಬೇಡಿ.