ವಾಹನದ ಮುಂಭಾಗದ ಗಾಜನ್ನು ಮಿತವಾದ ವೆಚ್ಚದಲ್ಲಿ ಬದಲಾಯಿಸಿಕೊಳ್ಳುವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳು ಹಳೆಯ ವಾಹನಗಳ ಬಿಡಿಭಾಗಗಳಿಗೂ, ಜೆ.ಸಿ. ರಸ್ತೆಯ ಮಳಿಗೆಗಳು ಹೊಸ ಬಿಡಿಭಾಗಗಳಿಗೂ ಹೆಸರಾಗಿವೆ. ಕಾರಿನ ಮುಂಭಾಗದ ಗಾಜು ಒಡೆದಾಗ ಅನೇಕ ಮಾಲೀಕರು ಕಡಿಮೆ ದರವನ್ನು ಅರಸಿ ಇಲ್ಲಿಗೆ ಬರುತ್ತಾರೆ. ಆದರೆ ಕಡಿಮೆ ದರವೇ ಮಿತವಾದ ವೆಚ್ಚವಲ್ಲ. ಸುರಕ್ಷತೆಗೆ ಕುಂದು ಬಾರದಂತೆ ಹಣ ಉಳಿಸುವ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಅಗತ್ಯ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರಂತೆ ಮುಂಭಾಗದ ಗಾಜು ಲ್ಯಾಮಿನೇಟೆಡ್ ಸುರಕ್ಷತಾ ಗಾಜಾಗಿರತಕ್ಕದ್ದು ಹಾಗೂ ಅದರ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯತಕ್ಕದ್ದು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುತ್ತದೆ. ಒಡೆದರೂ ಚೂರುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಬಳಸುವ ಟಫನ್ಡ್ ಗಾಜು ಒಮ್ಮೆಲೇ ಸಣ್ಣ ಹರಳುಗಳಾಗಿ ಒಡೆಯುತ್ತದೆ. ಆದುದರಿಂದ ಅದನ್ನು ಮುಂಭಾಗಕ್ಕೆ ಅಳವಡಿಸಕೂಡದು. ಗಾಜಿನ ಮೂಲೆಯಲ್ಲಿ ತಯಾರಕರ ಹೆಸರು, ಗಾಜಿನ ಬಗೆ ಮತ್ತು ಐಎಸ್ 2553 (ಭಾಗ 2) ಮಾನಕದ ಐಎಸ್‌ಐ ಗುರುತು ಇರುವುದನ್ನು ನೋಡಿಕೊಳ್ಳುವುದು. ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

2. ದುರಸ್ತಿಯೇ ಸಾಕೇ?

ಕಲ್ಲು ಸಿಡಿದು ಉಂಟಾದ ಸಣ್ಣ ಚುಕ್ಕೆಯನ್ನು ರಾಳ ತುಂಬಿ ದುರಸ್ತಿ ಮಾಡಬಹುದು. ಇದಕ್ಕೆ ಹೊಸ ಗಾಜಿಗಿಂತ ಬಹಳ ಕಡಿಮೆ ಖರ್ಚಾಗುತ್ತದೆ. ಧೂಳು ಮತ್ತು ನೀರು ಸೇರಿದರೆ, ಅಥವಾ ಬಿಸಿಲಿನಲ್ಲಿ ಬಿರುಕು ಹಬ್ಬಿದರೆ, ಈ ಅವಕಾಶ ತಪ್ಪುತ್ತದೆ. ಆದುದರಿಂದ ಚುಕ್ಕೆಯ ಮೇಲೆ ಪಾರದರ್ಶಕ ಟೇಪು ಅಂಟಿಸಿ, ವಿಳಂಬವಿಲ್ಲದೆ ದುರಸ್ತಿಗೆ ಒಯ್ಯುವುದು ಸೂಕ್ತ. ಬಿರುಕು ಅಂಚನ್ನು ತಲುಪಿದ್ದರೆ ಅಥವಾ ಚಾಲಕರ ನೇರ ದೃಷ್ಟಿಗೆ ಅಡ್ಡವಾಗಿದ್ದರೆ ಗಾಜನ್ನು ಬದಲಾಯಿಸುವುದೇ ಕ್ಷೇಮ.

3. ವಿಮೆಯ ಲೆಕ್ಕ

ಮೂರನೆಯ ವ್ಯಕ್ತಿಯ ಹೊಣೆಗಾರಿಕೆ ವಿಮೆ ಮಾತ್ರ ಇದ್ದಲ್ಲಿ ಗಾಜಿಗೆ ಪರಿಹಾರ ದೊರೆಯುವುದಿಲ್ಲ. ಸಮಗ್ರ ವಿಮೆಯಲ್ಲಿ ಸಾಮಾನ್ಯವಾಗಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ಆದರೆ 1500 ಸಿಸಿವರೆಗಿನ ಖಾಸಗಿ ಕಾರಿಗೆ ರೂ. 1,000, ಅದಕ್ಕೆ ಮೇಲ್ಪಟ್ಟ ಕಾರಿಗೆ ರೂ. 2,000 ಮಾಲೀಕರೇ ಭರಿಸಬೇಕಾಗುತ್ತದೆ. ಇದಲ್ಲದೆ, ಪಾಲಿಸಿಯಲ್ಲಿ ವಿಶೇಷ ರಕ್ಷಣೆ ಇಲ್ಲದಿದ್ದರೆ ನೋ ಕ್ಲೇಮ್ ಬೋನಸ್ ತಪ್ಪುತ್ತದೆ.

ಉದಾಹರಣೆ: 1200 ಸಿಸಿ ಕಾರಿನ ಸ್ವಂತ ಹಾನಿ ಪ್ರೀಮಿಯಂ ರೂ. 8,000 ಹಾಗೂ ಮುಂದಿನ ನವೀಕರಣದಲ್ಲಿ ದೊರೆಯಬೇಕಾದ ಬೋನಸ್ ಶೇ. 35 ಎಂದಿಟ್ಟುಕೊಂಡರೆ, ಕ್ಲೇಮ್ ಸಲ್ಲಿಸಿದಲ್ಲಿ ರೂ. 2,800 ಬೋನಸ್ ಹಾಗೂ ರೂ. 1,000 ಸೇರಿ ರೂ. 3,800 ಕೈಬಿಡುತ್ತದೆ. ಅಳವಡಿಕೆ ಸೇರಿ ಗಾಜಿಗೆ ರೂ. 4,500 ಆಗುವುದಾದರೆ ಉಳಿತಾಯ ರೂ. 700 ಮಾತ್ರ, ನಂತರದ ವರ್ಷಗಳಲ್ಲಿ ಬೋನಸ್ ಪುನಃ ಶೇ. 20ರಿಂದ ಆರಂಭವಾಗುತ್ತದೆ. ಇಂತಹ ಸಂದರ್ಭದಲ್ಲಿ ಸ್ವಂತ ಹಣ ಭರಿಸುವುದೇ ಲಾಭಕರ. ಗಾಜು ದುಬಾರಿಯಾಗಿದ್ದಲ್ಲಿ ಕ್ಲೇಮ್ ಲಾಭಕರ. ಆಗ ಒಡೆದ ಗಾಜನ್ನು ತೆಗೆಸುವ ಮುನ್ನವೇ ವಿಮಾ ಸಂಸ್ಥೆಗೆ ತಿಳಿಸತಕ್ಕದ್ದು.

4. ಹಳೆಯ ಗಾಜನ್ನು ಕೊಳ್ಳುವಾಗ

ಅಂಬಾಸಡರ್‌ನಂತೆ (ತಯಾರಿಕೆ 2014ರಲ್ಲಿ ಸ್ಥಗಿತ) ಈಗ ತಯಾರಾಗದ ಕಾರುಗಳ ಮಾಲೀಕರಿಗೆ ಗುಜರಿ ಅಂಗಡಿ ಉಪಯುಕ್ತವಾಗಬಹುದು. ರಬ್ಬರ್ ಬೀಡಿಂಗ್‌ನಲ್ಲಿ ಕೂರುವ ಗಾಜನ್ನು ಹಾನಿಯಿಲ್ಲದೆ ಬಿಡಿಸಬಹುದು. ಅಂಟಿನಿಂದ ಕೂರಿಸಿದ ಗಾಜನ್ನು ಕತ್ತರಿಸಿ ತೆಗೆಯುವಾಗ ಅಂಚಿಗೆ ಪೆಟ್ಟಾಗುವ ಸಂಭವವಿದೆ. ಗಾಜನ್ನು ಬೆಳಕಿಗೆ ಹಿಡಿದು ಅಂಚಿನ ಬಿರುಕು, ಹಾಲುಬಣ್ಣದ ಮಸುಕು ಹಾಗೂ ವೈಪರ್ ಗೀರುಗಳನ್ನು ಪರೀಕ್ಷಿಸುವುದು. ರಸೀದಿಯನ್ನು ತಪ್ಪದೆ ಪಡೆಯುವುದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 317ರಂತೆ ಅಪರಾಧವಾಗಿದೆ.

5. ಅಳವಡಿಕೆ

ಈಗಿನ ಬಹುತೇಕ ಕಾರುಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ಕೂರಿಸಲಾಗುತ್ತದೆ. ಈ ಗಾಜು ಕಾರಿನ ಚಾವಣಿಗೆ ಬಲ ನೀಡುತ್ತದೆ. ಅನೇಕ ಕಾರುಗಳಲ್ಲಿ ಪಕ್ಕದ ಸವಾರರ ಏರ್‌ಬ್ಯಾಗ್‌ಗೂ ಆಸರೆಯಾಗುತ್ತದೆ. ಆದುದರಿಂದ ಸಾಧಾರಣ ಸೀಲೆಂಟ್ ಬಳಸುವುದು ಉಳಿತಾಯವಲ್ಲ, ಅಪಾಯ. ಚೌಕಟ್ಟಿನ ತುಕ್ಕನ್ನು ತೆಗೆಸಿ, ಅಂಟು ಗಟ್ಟಿಯಾಗುವವರೆಗೆ ವಾಹನ ಚಲಾಯಿಸದಿರುವುದು. ಗಾಜಿನ ಹಿಂದೆ ಚಾಲನಾ ಸಹಾಯಕ ಕ್ಯಾಮೆರಾ ಇರುವ ಕಾರಿಗೆ ಮರುಹೊಂದಾಣಿಕೆಯ ಶುಲ್ಕವನ್ನೂ ಮೊದಲೇ ವಿಚಾರಿಸಿಕೊಳ್ಳುವುದು.

6. ಹೊಸ ಗಾಜಿನ ಮೇಲೆ ಇರಬೇಕಾದವು

ಫಾಸ್ಟ್ಯಾಗ್ ಮತ್ತು ಅತಿ ಸುರಕ್ಷಿತ ನೋಂದಣಿ ಫಲಕದ ಭಾಗವಾದ ಮೂರನೆಯ ನೋಂದಣಿ ಸ್ಟಿಕ್ಕರ್ ಕಿತ್ತರೆ ಹಾಳಾಗುತ್ತವೆ. ಫಾಸ್ಟ್ಯಾಗ್ ಅನ್ನು ಅದನ್ನು ನೀಡಿದ ಬ್ಯಾಂಕಿನಿಂದ, ಸ್ಟಿಕ್ಕರನ್ನು ಅಧಿಕೃತ ಮಾರಾಟಗಾರರಿಂದ ಮರಳಿ ಪಡೆಯತಕ್ಕದ್ದು.

7. ದೂರುಗಳು

ಲಿಖಿತ ದರಪಟ್ಟಿಯಲ್ಲಿ ಗಾಜು, ಅಂಟು, ಕೂಲಿ ಹಾಗೂ ತೆರಿಗೆಯನ್ನು ಪ್ರತ್ಯೇಕವಾಗಿ ನಮೂದಿಸಲು ಕೋರುವುದು. ದೋಷಪೂರಿತ ಗಾಜು ಅಥವಾ ಸೇವಾ ನ್ಯೂನತೆ ಕಂಡುಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ರೂ. 5 ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವಿರುವುದಿಲ್ಲ. ವಿಮಾ ಸಂಸ್ಥೆಯು ಲಿಖಿತ ದೂರನ್ನು ತಿರಸ್ಕರಿಸಿದಲ್ಲಿ ಅಥವಾ ಒಂದು ತಿಂಗಳೊಳಗೆ ಉತ್ತರಿಸದಿದ್ದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರನ್ನು ಶುಲ್ಕರಹಿತವಾಗಿ ಸಂಪರ್ಕಿಸಬಹುದು. ಎಲ್ಲ ಸಂದರ್ಭಗಳಲ್ಲಿಯೂ ರಸೀದಿಯೇ ಮುಖ್ಯ ದಾಖಲೆಯಾಗಿರುತ್ತದೆ.