ಬಳಿಚಕ್ರ ಸೀಮೆಯ ಕುರಿಗಾರ ಮನೆಗಳ ಹೆಣ್ಣುಮಕ್ಕಳು

ಬಳಿಚಕ್ರ ಯಾದಗಿರಿ ತಾಲೂಕಿನ ಹೋಬಳಿ ಊರು. ಈ ಸೀಮೆಯ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ್ದು. ಜೋಳ, ತೊಗರಿ, ಹೆಸರು, ಶೇಂಗಾ ಹಳೆಯ ಬೆಳೆಗಳು. ಹತ್ತಿ ಹಬ್ಬಿದ್ದು ಈಚೆಗೆ. ಮಳೆ ಕೈಕೊಟ್ಟ ವರ್ಷ ಹೊಲಕ್ಕಿಂತ ಹಿಂಡೇ ಮನೆಯನ್ನು ನಡೆಸುವುದರಿಂದ ಕುರಿ ಸಾಕಣೆ ಇಲ್ಲಿ ಬೇಸಾಯದಷ್ಟೇ ಹಳೆಯ ಕಸುಬು. ಅದನ್ನು ಹಿಡಿದವರು ಮುಖ್ಯವಾಗಿ ಕುರುಬರು. ಹಿಂಡಿನ ಹಿಂದೆ ನಡೆಯುವ ಗಂಡಸು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅವನ ಮನೆಯನ್ನೂ ಅರ್ಧ ಹಿಂಡನ್ನೂ ಹೊತ್ತ ಹೆಣ್ಣುಮಗಳು ಊರ ದಾಖಲೆಗಳಲ್ಲಿ ಸಿಗುವುದಿಲ್ಲ.

ಈಗ ಎಂಬತ್ತೈದು ದಾಟಿದ ಅಜ್ಜಿಯರು ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. 2009ರ ಕೊನೆಗೆ ಯಾದಗಿರಿಯೇ ಜಿಲ್ಲೆಯಾಯಿತು. ಊರು ಬಿಡದೆಯೇ ಇಷ್ಟೆಲ್ಲ ಸರಕಾರಗಳನ್ನು ಕಂಡ ಈ ತಲೆಮಾರಿನ ನೆನಪಿನಲ್ಲಿ ಅವುಗಳಿಗಿಂತ ಗಟ್ಟಿಯಾಗಿ ನಿಂತಿರುವುದು 1972ರ ಬರಗಾಲ.

ಮದುವೆ ಹೆಚ್ಚಾಗಿ ಸಂಬಂಧದಲ್ಲೇ, ಸೋದರಮಾವನಿಗೋ ಅತ್ತೆಯ ಮಗನಿಗೋ ಆಗುತ್ತಿತ್ತು, ಅದೂ ಸಣ್ಣ ವಯಸ್ಸಿನಲ್ಲಿ. ಗಂಡನ ಮನೆಯಲ್ಲಿ ಸೊಸೆ ಬೆಳಗಾಗುವ ಮುಂಚೆ ಏಳಬೇಕು. ದಡ್ಡಿಯ ಹಿಕ್ಕೆ ಬಳಿದು ತಿಪ್ಪೆಗೆ ಹಾಕುವುದು, ನೀರು ತರುವುದು, ಅಡವಿಗೆ ಹೋಗುವವರ ಬುತ್ತಿಗೆ ರೊಟ್ಟಿ ಬಡಿಯುವುದು, ಇಷ್ಟು ಮುಗಿದ ಮೇಲೆ ಹೊಲದ ಕಳೆ. ಮರಿಗಳ ಜೋಪಾನವಂತೂ ಪೂರ್ತಿ ಅವಳದೇ. ಕುರಿ ಸುಮಾರು ಐದು ತಿಂಗಳು ಗಬ್ಬ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆ ಒಂದು ಮರಿ ಉಳಿದರೆ ಮಾತ್ರ ಹಿಂಡು ಬೆಳೆದೀತು. ಎಳೆ ಮರಿ ತಾಯಿಯ ಜೊತೆ ದಿನವಿಡೀ ನಡೆಯಲಾರದ್ದರಿಂದ ಅದು ಮನೆಯಲ್ಲೇ ಉಳಿಯುತ್ತದೆ. ತಾಯಿ ಸತ್ತ ಮರಿಗೆ ಬೇರೆ ಕುರಿಯ ಮೊಲೆ ಹಿಡಿಸುವುದು, ಕುಂಟುವ ಮರಿಗೆ ಸೊಪ್ಪು ತಿನ್ನಿಸುವುದು, ಕೂಸಿನ ಆರೈಕೆಯ ಜೊತೆಗೇ ನಡೆಯುವ ಕೆಲಸ. ಮಳೆಗಾಲದ ನೀಲಿ ನಾಲಿಗೆ ರೋಗ, ಕರುಳು ಬೇನೆ, ಸಿಡುಬು ಹಿಂಡಿಗೆ ತಗುಲಿದೆಯೆಂದು ಮೊದಲು ಗುರುತಿಸುವವಳೂ ಎಷ್ಟೋ ಮನೆಗಳಲ್ಲಿ ಅವಳೇ.

ಸುಗ್ಗಿ ಮುಗಿದು ಹೊಲ ಖಾಲಿಯಾದಾಗ ಹಿಂಡುಗಳು ಊರೂರು ತಿರುಗುತ್ತವೆ. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಗೊಬ್ಬರ ಬೀಳುತ್ತದೆ, ಅದಕ್ಕೆ ಪ್ರತಿಯಾಗಿ ಜೋಳವೋ ರೊಕ್ಕವೋ ಸಿಗುತ್ತದೆ. ಕೆಲವು ಹೆಂಗಸರು ಕೂಸು ಕಟ್ಟಿಕೊಂಡು ಹಿಂಡಿನ ಜೊತೆಗೇ ನಡೆದು, ಬಯಲಲ್ಲೇ ಮೂರು ಕಲ್ಲಿನ ಒಲೆ ಹೂಡುತ್ತಾರೆ. ಊರಲ್ಲಿ ಉಳಿದವರದು ಸುಲಭವೆಂದಲ್ಲ: ತಿಂಗಳುಗಟ್ಟಲೆ ಮನೆ, ಮಕ್ಕಳು, ಮುದುಕರು, ಸಾಲಗಾರರು ಎಲ್ಲ ಒಬ್ಬಳ ಮೇಲೆ.

ಉಣ್ಣೆಯ ಕೆಲಸದಲ್ಲೂ ಹೆಣ್ಣಿನ ಪಾಲು ದೊಡ್ಡದು. ಕರಿ ಉಣ್ಣೆಯ ದಖನಿ ಕುರಿಯ ಕೂದಲು ಕತ್ತರಿಸುವುದು ಗಂಡಸರ ಕೆಲಸ. ಹಿಂಜಿ ನೂಲುವುದು ಹೆಂಗಸರದು. ಹುಣಸೆ ಬೀಜದ ಗಂಜಿ ಹಚ್ಚಿದ ನೂಲು ಕುಣಿಮಗ್ಗಕ್ಕೆ ಏರಿ ಕಂಬಳಿಯಾಗುತ್ತಿತ್ತು. ಗಿರಣಿಯ ಅಗ್ಗದ ಹೊದಿಕೆ ಬಂದ ಮೇಲೆ ಈ ಕಸುಬು ಸೊರಗಿತು. ಮಾಂಸಕ್ಕೆಂದು ಸಾಕುವ ಉಣ್ಣೆಯಿಲ್ಲದ ಕೆಂಗುರಿ, ಎಳಗ ತಳಿಗಳಿಗೆ ಈಗ ಬೆಲೆ. ಕಂಬಳಿ ಉಳಿದದ್ದು ಪೂಜೆಯ ಗದ್ದುಗೆಯಲ್ಲಿ ಮತ್ತು ಹಿರಿಯರ ಹೆಗಲ ಮೇಲೆ. ಕಂಬಳಿ ಕೆಟ್ಟದ್ದರಿಂದ ಹೆಚ್ಚು ಕಳೆದುಕೊಂಡವರು ಹೆಂಗಸರೇ, ಏಕೆಂದರೆ ನೂಲುವ ಕೆಲಸ ಅವರ ಕೈತಪ್ಪಿತು, ಟಗರಿನ ವ್ಯಾಪಾರವೋ ಸಂತೆಯಲ್ಲಿ ಗಂಡಸರ ನಡುವೆ ಮುಗಿಯುತ್ತದೆ.

ಈ ಮನೆಗಳ ದೈವಭಕ್ತಿಗೆ ಕೇಂದ್ರ ಇದೇ ತಾಲೂಕಿನ ಮೈಲಾಪುರದ ಮಲ್ಲಯ್ಯ. ಮಕರ ಸಂಕ್ರಾಂತಿಯ ಜಾತ್ರೆಗೆ ಕರ್ನಾಟಕ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದ ಭಕ್ತರು ಸೇರುತ್ತಾರೆ. ಹೊನ್ನಕೆರೆಯಲ್ಲಿ ದೇವರ ಗಂಗಾಸ್ನಾನ, ಪಲ್ಲಕ್ಕಿಯ ಮೇಲೆ ಭಂಡಾರ, ಸರಪಳಿ ಹರಿಯುವ ಸೇವೆ ಜಾತ್ರೆಯ ಮುಖ್ಯ ಭಾಗಗಳು. ಹಿಂಡು ಕಾಯಲೆಂದು ಹರಕೆ ಹೊತ್ತವರು ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿಯಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯ ತಪಾಸಣೆಯಲ್ಲೇ ಮರಿಗಳನ್ನು ವಶಕ್ಕೆ ಪಡೆಯುತ್ತದೆ. ಮನೆಯಲ್ಲಿ ಕೂಸಿನಂತೆ ಸಾಕಿದ ಮರಿಯನ್ನು ಕಾಲ್ತುಳಿತಕ್ಕೆ ಒಪ್ಪಿಸುವ ಆ ಪದ್ಧತಿಗೆ ತಡೆ ಬಿದ್ದದ್ದು ಒಳ್ಳೆಯದೇ ಆಯಿತು.

ಊರ ಮೇವಿನ ಬಯಲಾದ ಗಾಯರಾಣ ಕುಗ್ಗಿದಂತೆ ದೊಡ್ಡ ಹಿಂಡುಗಳೂ ಕಡಿಮೆಯಾಗುತ್ತಿವೆ. ಮಕ್ಕಳು, ಮೊಮ್ಮಕ್ಕಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದಾಗ ಐದಾರು ಕುರಿ ಉಳಿಸಿಕೊಂಡು ಮನೆ ಕಾಯುವವಳು ಅಜ್ಜಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರಷ್ಟಿತ್ತು. ಹಳೆಯ ತಲೆಮಾರಿನವರು ಬಹುತೇಕ ಹೆಬ್ಬೆಟ್ಟಿನವರು. ಅವರು ಉಳಿಸಿಕೊಂಡ ಕುರಿ ಸತ್ತರೆ ಸರಕಾರ ಅನುಗ್ರಹ ಯೋಜನೆಯಡಿ 5,000 ರೂಪಾಯಿ ಕೊಡುತ್ತಿತ್ತು, 2025-26ರ ಬಜೆಟ್ಟಿನಲ್ಲಿ ಅದನ್ನು 7,500ಕ್ಕೆ ಏರಿಸಿತು. ಆದರೆ ಹೊಲದ ಪಹಣಿ ಗಂಡಸಿನ ಹೆಸರಲ್ಲಿ ಇರುವ ಮನೆಗಳೇ ಹೆಚ್ಚು. ರೇಷನ್ ಕಾರ್ಡಿನಲ್ಲಿ ಮಾತ್ರ ಮನೆಯೊಡತಿಯ ಹೆಸರು ಮೊದಲಿದೆ, ಮತ್ತು 2023ರ ಆಗಸ್ಟಿನಿಂದ ಸರಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅವಳ ಖಾತೆಗೇ ಬರುತ್ತದೆ.