ಗಾಂಜಾ: ಚಟವೋ, ವ್ಯಸನವೋ?

ಕಾಫಿ ಇಲ್ಲದೆ ಬೆಳಗಾಗದವರಿಗೆ ಕಾಫಿ ಚಟ ಎನ್ನುತ್ತೇವೆ. ನಶ್ಯ, ಎಲೆಅಡಿಕೆ, ಇಸ್ಪೀಟು ಎಲ್ಲಕ್ಕೂ ಇದೇ ಮಾತು. 'ವ್ಯಸನ' ಎಂದೊಡನೆ ಮಾತಿನ ತೂಕ ಬೇರೆಯಾಗುತ್ತದೆ. ಜೂಜು, ಬೇಟೆ, ಕುಡಿತಗಳಿಗೆ ಸಿಕ್ಕಿ ರಾಜ್ಯ ಕಳೆದುಕೊಂಡ ಅರಸರ ಕಥೆಗಳ ಜತೆಗೆ ಬಂದ ಪದ ಅದು. ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಭಂಗಿ ಸೊಪ್ಪು ಎಂದು ಕರೆಸಿಕೊಂಡ ಗಾಂಜಾ ಈ ಎರಡರಲ್ಲಿ ಯಾವ ಸಾಲಿಗೆ ಸೇರಿದ್ದು? ಈ ಜಿಜ್ಞಾಸೆಗೆ ನೂರಮೂವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಅದರ ಬಹುಮುಖ್ಯ ಅಧ್ಯಾಯವೊಂದು ನಡೆದದ್ದು ಭಾರತದಲ್ಲೇ.

1893ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪಾನವಿರೋಧಿ ಸದಸ್ಯ ವಿಲಿಯಂ ಕೇನ್ ಬಂಗಾಳದ ಗಾಂಜಾ ಬೆಳೆಯ ಬಗ್ಗೆ ಪ್ರಶ್ನೆ ಎತ್ತಿದರು. ಅದರ ಫಲವಾಗಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗ ರಚನೆಯಾಯಿತು. ಅದರಲ್ಲಿ ಮೂವರು ಭಾರತೀಯರು. ಆಯೋಗ ಊರೂರು ಸುತ್ತಿ ವೈದ್ಯರು, ಅಧಿಕಾರಿಗಳು, ಬೆಳೆಗಾರರು, ಪಾದ್ರಿಗಳು ಎಂದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆಯಿತು. ಕೇಳಿದ ಪ್ರಶ್ನೆಗಳನ್ನು ನೋಡಿದರೆ ಇಂದಿನ ಮನೋವೈದ್ಯರೂ ತಲೆದೂಗಬೇಕು: ಈ ಅಭ್ಯಾಸ ಸುಲಭವಾಗಿ ಅಂಟಿಕೊಳ್ಳುತ್ತದೆಯೇ? ಬಿಡುವುದು ಕಷ್ಟವೇ? ಮಿತವಾಗಿ ಸೇವಿಸುವವನು ಅತಿಗೆ ಜಾರುತ್ತಾನೆಯೇ?

ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಹುಚ್ಚಾಸ್ಪತ್ರೆಗಳ ದಾಖಲೆಗಳೂ ಅದನ್ನೇ ಹೇಳುತ್ತಿದ್ದವು. ಆಯೋಗ ಆ ದಾಖಲೆಗಳ ಬೆನ್ನುಹತ್ತಿತು. 1892ರಲ್ಲಿ ದಾಖಲಾದ 1,344 ರೋಗಿಗಳಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾ, ಚರಸ್, ಭಂಗಿಗಳೇ ಕಾರಣ ಎಂದು ಬರೆಯಲಾಗಿತ್ತು. ಒಂದೊಂದನ್ನೂ ಕೆದಕಿದಾಗ ಒಪ್ಪಬಹುದಾದ ಪ್ರಕರಣಗಳು 98ಕ್ಕೆ ಇಳಿದವು. ಅವುಗಳಲ್ಲೂ 37ರಲ್ಲಿ ಬೇರೆ ಕಾರಣಗಳು ಬೆರೆತಿದ್ದವು. ಆಗಿದ್ದಿಷ್ಟೇ: ರೋಗಿಯ ಜತೆ ಒಂದು ನಮೂನೆ ಬರುತ್ತಿತ್ತು, ಅದರಲ್ಲಿ 'ಹುಚ್ಚಿಗೆ ಕಾರಣ' ಎಂಬ ಕಾಲಂ ಇತ್ತು. ಹಿಂದುಮುಂದು ತಿಳಿಯದವನನ್ನು ಹಿಡಿದು ತಂದ ಪೊಲೀಸರಿಗೆ ಅಲ್ಲಿ ಏನನ್ನಾದರೂ ತುಂಬಬೇಕು. 'ಗಾಂಜಾ' ಎಂದು ಬರೆದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಸರ್ಕಾರಿ ನಮೂನೆಯ ಖಾಲಿ ಕಾಲಂ ವಿಜ್ಞಾನಕ್ಕೆ ಮಾಡಿರುವ ಉಪದ್ರವ ಸಣ್ಣದಲ್ಲ.

ಮಿತ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಕೆಡುಕು, ಪೂರ್ಣ ನಿಷೇಧ ಬೇಡ, ತೆರಿಗೆ-ಪರವಾನಗಿಗಳ ಹಿಡಿತ ಸಾಕು ಎಂದು 1894ರ ವರದಿ ಹೇಳಿತು. ಅಬಕಾರಿ ಆದಾಯ ಸರ್ಕಾರದ ಬೊಕ್ಕಸಕ್ಕೇ ಹೋಗುತ್ತಿತ್ತೆಂಬುದನ್ನೂ ನಾವು ಮರೆಯಬಾರದು. ಆದರೂ ಆ ವರದಿಯ ಶ್ರಮ ಪ್ರಾಮಾಣಿಕವಾದದ್ದು.

ಪದಗಳ ಜಗಳ ಶುರುವಾದದ್ದು ಆಮೇಲೆ. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವ್ಯಸನ ಮತ್ತು ಅಭ್ಯಾಸಬಲದ ನಡುವೆ ಗೆರೆ ಎಳೆದರು. ತಡೆಯಲಾಗದ ಸೆಳೆತ, ಪ್ರಮಾಣ ಏರಿಸುವ ಪ್ರವೃತ್ತಿ, ದೇಹವೂ ಸಾಮಾನ್ಯವಾಗಿ ಅದಕ್ಕೇ ಒಗ್ಗಿಹೋಗುವುದು, ಸಮಾಜಕ್ಕೂ ಹಾನಿ: ಇದು ವ್ಯಸನ. ಬೇಕೆಂಬ ಆಸೆ ಮಾತ್ರ ಇದ್ದು, ಬಿಟ್ಟರೆ ದೇಹ ನರಳದಿದ್ದರೆ ಅದು ಅಭ್ಯಾಸ. ಅಫೀಮು ಬಿಟ್ಟವನು ವಾಂತಿ, ಭೇದಿ, ಮೈಕೈ ನೋವಿನಿಂದ ಒದ್ದಾಡುತ್ತಾನೆ. ಚಿಲುಮೆ ಬಿಟ್ಟವನಲ್ಲಿ ಅಂಥದ್ದೇನೂ ಎದ್ದು ಕಾಣದು. ಈ ಗೆರೆ ವ್ಯವಹಾರದಲ್ಲಿ ನಿಲ್ಲದೆ 1964ರಲ್ಲಿ ಸಂಸ್ಥೆ ಎರಡೂ ಪದಗಳನ್ನು ಕೈಬಿಟ್ಟು 'ಅವಲಂಬನೆ' ಎಂಬ ಒಂದೇ ಪದಕ್ಕೆ ಬಂತು. ಗಾಂಜಾದ್ದು ಮನಸ್ಸಿನ ಅವಲಂಬನೆ ಎಂಬ ಅಭಿಪ್ರಾಯ ಮಾತ್ರ ಉಳಿದುಕೊಂಡಿತು.

ಅದನ್ನು ಅಲುಗಾಡಿಸಿದ್ದು ಪ್ರಯೋಗಾಲಯ. ಗಾಂಜಾದ ಮತ್ತಿನ ಅಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಗಾವೊನಿ 1964ರಲ್ಲಿ ಬೇರ್ಪಡಿಸಿದ್ದರು. 1988ರಲ್ಲಿ ಮಿದುಳಿನಲ್ಲಿ ಅದು ಕುಳಿತುಕೊಳ್ಳುವ ಗ್ರಾಹಕ ಪತ್ತೆಯಾಯಿತು. 1992ರಲ್ಲಿ ಅದೇ ಗ್ರಾಹಕಕ್ಕೆ ಹೊಂದುವ, ನಮ್ಮ ದೇಹವೇ ತಯಾರಿಸುವ ವಸ್ತುವೂ ಸಿಕ್ಕಿತು. ಅದಕ್ಕೆ ಸಂಸ್ಕೃತದ 'ಆನಂದ'ದಿಂದ ಆನಂದಮೈಡ್ ಎಂದು ಹೆಸರಿಟ್ಟರು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿದು, ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಹಾಗಾಗಿ ಬಿಟ್ಟಾಗಿನ ಬಾಧೆ ದಿಢೀರನೆ ಎರಗುವುದಿಲ್ಲ. ಆ ಗ್ರಾಹಕವನ್ನು ಔಷಧದಿಂದ ಒಮ್ಮೆಲೇ ಮುಚ್ಚಿದಾಗ, ಟಿಎಚ್‌ಸಿಗೆ ಒಗ್ಗಿದ ಇಲಿಗಳಲ್ಲಿ ಬಾಧೆ ಕಣ್ಣಿಗೆ ಕಾಣುವಂತೆ ಹೊರಬಿತ್ತು. ಇದು 1995ರ ಮಾತು. ದಿನವೂ ಸೇದುತ್ತಿದ್ದವರು ಬಿಟ್ಟಾಗ ಸಿಡುಕು, ನಿದ್ರೆಗೇಡು, ವಿಚಿತ್ರ ಕನಸು, ಹಸಿವಿಲ್ಲದಿರುವುದು ಎರಡು ವಾರದಷ್ಟು ಕಾಲ ಕಾಡುವುದನ್ನು ಸಂಶೋಧಕರು ದಾಖಲಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಅದನ್ನು ರೋಗಲಕ್ಷಣವೆಂದು ಒಪ್ಪಿಕೊಂಡಿತು.

ಸ್ವಾರಸ್ಯವಿರುವುದು ಇಲ್ಲೇ. ದೇಹ ನರಳುತ್ತದೆಂದು ಸಾಬೀತಾಗುವ ಹೊತ್ತಿಗೆ, ನರಳುವುದೇ ವ್ಯಸನದ ಗುರುತು ಎಂಬ ವಾದ ಹಳತಾಗಿತ್ತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಪಡೆಯುವ ರೋಗಿಯ ದೇಹ ಅದನ್ನು ಅವಲಂಬಿಸುತ್ತದೆ, ಆತ ವ್ಯಸನಿಯಲ್ಲ. ಕೆಡುಕಾಗುತ್ತಿದೆ ಎಂದು ತಿಳಿದೂ ಬಿಡಲಾಗದಿರುವುದು, ಓದು-ದುಡಿಮೆ-ಸಂಸಾರಗಳು ಅದರ ಹಿಂದೆ ಸರಿಯುವುದು ವ್ಯಸನ. ಈ ಅಳತೆಗೋಲಿನಲ್ಲಿ ಗಾಂಜಾ ಕೆಲವರಿಗೆ ನಿಜಕ್ಕೂ ವ್ಯಸನವೇ. ಎಷ್ಟು ಜನರಿಗೆ? ಒಮ್ಮೆಯಾದರೂ ಸೇವಿಸಿದವರಲ್ಲಿ ಸುಮಾರು ಶೇ 9 ಮಂದಿ ಅವಲಂಬಿತರಾಗುತ್ತಾರೆಂದು 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅಂದಾಜು ಮಾಡಿತ್ತು. ಮದ್ಯಕ್ಕೆ ಅದು ಶೇ 15, ತಂಬಾಕಿಗೆ ಶೇ 32. 'ಬರೀ ಅವಲಂಬನೆ, ವ್ಯಸನವಲ್ಲ' ಎನ್ನುವವರೂ 'ಒಂದು ದಮ್ಮಿಗೆ ಮನೆ ಹಾಳು' ಎನ್ನುವವರೂ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ನಮ್ಮಲ್ಲಿ ಈ ಪದಗಳ ಮೇಲೆ ಮನುಷ್ಯರ ಹಣೆಬರಹ ನಿಂತಿದೆ. 1985ರ ಮಾದಕವಸ್ತು ಕಾಯ್ದೆ ಗಿಡದ ಹೂತೆನೆಯನ್ನು ಗಾಂಜಾ ಎಂದು ನಿಷೇಧಿಸಿ, ತೆನೆಯಿಂದ ಬೇರ್ಪಟ್ಟ ಎಲೆಯನ್ನು, ಅಂದರೆ ಭಂಗಿಯನ್ನು, ಹೊರಗಿಟ್ಟಿತು. ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸಜೆ ವಿಧಿಸಲು ಅವಕಾಶವಿದೆ. ಆದರೆ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ 'ವ್ಯಸನಿ' ತಾನಾಗಿ ಮುಂದೆ ಬಂದು ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ವ್ಯಸನಿ ಯಾರು? ಕಾಯ್ದೆಯ ವ್ಯಾಖ್ಯೆ ಚಿಕ್ಕದು: ಮಾದಕವಸ್ತುವಿನ ಮೇಲೆ ಅವಲಂಬನೆ ಇರುವವನು. ಪಂಡಿತರು ಹೋರಾಡಿ ಬೇರೆ ಮಾಡಿದ ಎರಡು ಪದಗಳನ್ನು ಕಾನೂನು ಒಂದೇ ವಾಕ್ಯದಲ್ಲಿ ಕೂಡಿಸಿಬಿಟ್ಟಿದೆ. ಇದರಿಂದಾಗಿ ದಿನವೂ ಸೇದಿ ಬಿಡಲಾರದವನಿಗೆ ಆಸ್ಪತ್ರೆಯ ಬಾಗಿಲು ತೆರೆದಿದೆ. ಸ್ನೇಹಿತರ ಜತೆ ಒಂದು ಸಂಜೆ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗನಿಗೆ ಆ ಬಾಗಿಲಿಲ್ಲ. ಆತ ವ್ಯಸನಿಯೇ ಅಲ್ಲವಲ್ಲ.